ಮೂರು ಮನೆಯ ರೈಫಲ್

ನಮ್ಮ ಕಾಕಾನಿಗೆ ಬದುಕಿದ್ದವರಿಗಿಂತ ಸತ್ತವರ ಒಡನಾಟವೇ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾನೂ ಮೊದಲು ನಂಬಿರಲಿಲ್ಲ. ಆದರೆ ಗುರುತು ಪರಿಚಯವಿಲ್ಲದ ಸತ್ತವರ ಮನೆಗಳಿಗೆ ಕಾಯಿ, ಬಾಳೆಹಣ್ಣು ಹಿಡಿದುಕೊಂಡು ಹೋಗಿ, "ನಿಮ್ಮ ಯಜಮಾನ್ರ ಸಾಮಾನು ನಮ್ಮ ಮನಿಗೆ ಒಯ್ಯಾಕತ್ತೇನ್ರಿ, ಅವರೂ ಕೂಡ ಬಂದ್ರ ಬರ್ಲಿ, ಅಪ್ಪಣಿ ಕೊಡ್ರಿ" ಎಂದು ಕೈಮುಗಿದು ನಿಂತ ಇನ್ನೊಬ್ಬ ಮನುಷ್ಯ ಧಾರವಾಡ ಜಿಲ್ಲೆಯಲ್ಲಿ ಇದ್ದರೆ ನನಗೆ ತೋರಿಸಿ! ಆ ಮಾತು ಕೇಳಿ ಬಾಗಿಲಲ್ಲಿ ನಿಂತವರ ಮುಖ ಹೇಗಾಗುತ್ತಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾಕೆಂದರೆ ಅವನನ್ನು ನನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಊರೂರು ತಿರುಗಿದವಳು ನಾನೇ. ಕಲಘಟಗಿಯ ಸಾಲಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ನನಗೆ ಭಾನುವಾರಗಳಂದು ಸಿಗುತ್ತಿದ್ದ ಪ್ರಾಯೋಗಿಕ ಪಾಠ ಇದು!

ಕಾಕಾ ನಮ್ಮಪ್ಪನ ತಮ್ಮ. ಮಿಶ್ರಿಕೋಟಿಯಲ್ಲಿ ಭತ್ತದ ಗದ್ದೆ, ಮೇಲೆ ಅಡವಿಗೆ ಹತ್ತಿಕೊಂಡು ಗೋವಿನಜೋಳದ ಹೊಲ. ಅಡವಿಗೆ ಹತ್ತಿದ ಹೊಲ ಎಂದರೆ ಬಿತ್ತುವವರು ನಾವು, ಉಣ್ಣುವವು ಕಾಡುಹಂದಿಗಳು. ಅದಕ್ಕೇ ನಮ್ಮಜ್ಜನ ಕಾಲದಿಂದ ಬೆಳೆ ಕಾಯಲು ಒಂದು ಬಂದೂಕು, ಅದಕ್ಕೊಂದು ಲೈಸೆನ್ಸು ಮನೆಯಲ್ಲಿದ್ದವು. ಹೊಡೆಯುವುದಕ್ಕಲ್ಲ, ಸದ್ದು ಮಾಡಿ ಓಡಿಸುವುದಕ್ಕೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕಾಕಿ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಗೋವಿನಜೋಳದೊಳಗಿಂದ ಮುದಿ ಹಂದಿಯೊಂದು ಹೊರಬಂತು. ಒಂದು ಕೋರೆ ಮುರಿದದ್ದು. ಅಷ್ಟು ದೂರದಲ್ಲಿ ನಿಂತಿದ್ದ ಕಾಕಾ ಬಂದೂಕು ಎತ್ತಿ ಕುದುರೆ, ಅಂದರೆ ಅದರ ಟ್ರಿಗರ್, ಎಳೆದ. ಟಕ್ ಎಂದಿತು. ಅಷ್ಟೇ! ಮತ್ತೆ ಎಳೆದ, ಮತ್ತೆ ಟಕ್. ಅಷ್ಟರಲ್ಲಿ ಹಂದಿ ಕಾಕಿಯನ್ನು ಕೆಡವಿ, ಮೊಣಕಾಲಿನ ಮೇಲೆ ಸೀಳಿಯಾಗಿತ್ತು. ಕಾಕಿಯೇ ಬಿದ್ದಲ್ಲಿಂದ ಕುಡಗೋಲಿನಿಂದ ನೀರಿನ ಡಬ್ಬಿಯನ್ನು ಬಡಿದು ಬಡಿದು ಅದನ್ನು ಓಡಿಸಿದಳು. ಕಾಲು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅಂದಿನಿಂದ ಕಾಕಿ ಹೊಲಕ್ಕೆ ಹೋಗುವುದನ್ನು ಬಿಟ್ಟಳು. ಅಂದಿನಿಂದ ಕಾಕಾನ ಕಿವಿಯಲ್ಲಿ ಆ ಟಕ್ ಕೂತುಬಿಟ್ಟಿತು.

ಆ ಮನೆಯಲ್ಲಿ ನೀವು ಒಮ್ಮೆ ಇದ್ದು ನೋಡಬೇಕು. ಲೈಟಿನ ಸ್ವಿಚ್ಚನ್ನು ಯಾರೂ ಜೋರಾಗಿ ಒತ್ತುವಂತಿಲ್ಲ. ಬಿಸಿಲು ಇಳಿದು ಮೇಲಿನ ತಗಡು ತಣ್ಣಗಾಗುವಾಗ ಟಕ್ ಎಂದರೆ ಕಾಕಾ ಉಣ್ಣುತ್ತಿದ್ದ ತುತ್ತನ್ನು ಕೆಳಗಿಟ್ಟು ಮೇಲೆ ನೋಡುತ್ತಾನೆ. ಹಲ್ಲಿ ಲೊಚಗುಟ್ಟಿದರೂ ಪರವಾಗಿಲ್ಲ, ಟಕ್ ಅನ್ನಬಾರದು! ಇನ್ನು ಆ ಮುರಿದ ಕೋರೆಯ ಹಂದಿ. ಅದು ಬೆಳೆ ತಿನ್ನುವುದನ್ನೇ ಬಿಟ್ಟಿತು. ದಿನಾ ಹೊತ್ತು ಇಳಿಯುವಾಗ ಅಡವಿಯ ಅಂಚಿಗೆ ಬಂದು ನಿಂತು, ಊರಿನ ಕಡೆ ನೋಡಿ, ಹೋಗುತ್ತಿತ್ತು. ನಾನೂ ಒಂದೆರಡು ಸಲ ಕಂಡಿದ್ದೇನೆ. ತಿನ್ನಲು ಬಂದ ಪ್ರಾಣಿಗೆ ಹೆದರಬಹುದು, ಸುಮ್ಮನೆ ನೋಡಲು ಬಂದ ಪ್ರಾಣಿಗೆ ಏನು ಮಾಡುತ್ತೀರಿ?

"ಅದು ಆಕಿನ್ನ ಹುಡುಕಾಕತ್ತೈತಿ" ಎಂದ ಕಾಕಾ. "ಆಕಿ ಮತ್ತ ಹೊಲಕ್ಕ ಬರೂದ್ರಾಗ ನನ್ನ ಕೈಯಾಗ ಎಂದೂ ಕೈ ಕೊಡಲಾರದ ರೈಫಲ್ ಇರಬೇಕು."

ಸರಿ, ಹೊಸದೊಂದು ಕೊಳ್ಳಬಹುದಲ್ಲ? ಹಾಗೆಂದು ನಾನು ಕೇಳಿದೆ. ಕೇಳಬಾರದಿತ್ತು.

"ಹೊಸದರ ಗುಣ ಯಾಂವಗ ಗೊತ್ತಬೇ? ಕೂಸು ಹುಟ್ಟಿದ ಕೂಡ್ಲೆ ಶ್ಯಾಣ್ಯಾ ಅಂತ ಹೇಳಾಕ ಬರ್ತೈತೇನು?"

"ಹಂಗಾರ ಹಳೇದು ತಗೋ."

"ಹಳೇದ್ರಾಗ ನಳಿ ಛಲೋ ಇದ್ರ ಕುದರಿ ಕೆಟ್ಟಿರ್ತೈತಿ. ಕುದರಿ ಛಲೋ ಇದ್ರ ಕಟಗಿ ಹುಳಾ ಹಿಡಿದಿರ್ತೈತಿ. ಒಂದೊಂದನ್ನ ಒಂದೊಂದು ಕಡೆ ಆರಿಸಿ ತರಬೇಕು. ಮನೆತನಾ ನೋಡಿ ತರಬೇಕು!"

ಸೊಸೆಯನ್ನು ತರುವಾಗಲೂ ಜನ ಇಷ್ಟು ನೋಡುವುದಿಲ್ಲ. ಕಾಕಾ ನೋಡಿದ.

ಹುಬ್ಬಳ್ಳಿಯಲ್ಲಿ ಒಂದು ಬಂದೂಕಿನ ಅಂಗಡಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಮನೆಯವರು ಬಂದೂಕನ್ನು ಇಂಥ ಅಂಗಡಿಗೆ ತಂದು ಒಪ್ಪಿಸುತ್ತಾರೆ, ಅಲ್ಲಿಂದ ಅದನ್ನು ಬೇರೆಯವರು ಕೊಳ್ಳಬಹುದು. ಗೋಡೆಯುದ್ದಕ್ಕೂ ಬಂದೂಕುಗಳು ನಿಂತಿದ್ದವು, ಪ್ರತಿಯೊಂದರ ಕೊರಳಿಗೂ ದಾರದಲ್ಲಿ ಕಟ್ಟಿದ ಒಂದು ಚೀಟಿ. ಅಂಥ ಚೀಟಿಗಳನ್ನು ನಾನು ಅದಕ್ಕಿಂತ ಮೊದಲು ದೊಡ್ಡ ಆಸ್ಪತ್ರೆಯ ಹಿಂಬದಿಯ ತಣ್ಣನೆ ಕೋಣೆಯಲ್ಲಿ, ಕಾಲ್ಬೆರಳಿಗೆ ಕಟ್ಟಿದ್ದನ್ನು ನೋಡಿದ್ದೆ. ಅಂಗಡಿಯ ಮಾಲಕರೋ ಬಹಳ ಮರ್ಯಾದಸ್ಥರು. ಒಂದೊಂದನ್ನೇ ತೋರಿಸುತ್ತ ಮೆಲ್ಲಗೆ ಹೇಳಿದರು, "ಇವರು ಅಣ್ಣಿಗೇರಿಯವರ್ರಿ. ಇವರು ಕುಂದಗೋಳದವರು. ಇವರು ನವಲಗುಂದದವರು, ಹೋದ ವರ್ಷ ಬಂದಾರ."

ನಾನು ನಮಸ್ಕಾರ ಎನ್ನಲು ಕೈ ಎತ್ತಿಬಿಟ್ಟಿದ್ದೆ! ಕಾಕಾ ಆಗಲೇ ಮಾಡಿ ಮುಗಿಸಿದ್ದ.

ಅರ್ಧ ದಿನ ಒಳಗೆ ಹೊರಗೆ ಬಗ್ಗಿ ಎದ್ದು ನೋಡಿ, ಅಣ್ಣಿಗೇರಿಯವರ ನಳಿಗೆ, ಕುಂದಗೋಳದವರ ಕಟ್ಟಿಗೆ, ನವಲಗುಂದದವರ ಕುದುರೆ ಎಂದು ಕಾಕಾ ಆರಿಸಿದ. ಕೂಡಿಸಿಕೊಡಲು ಅಂಗಡಿಯಲ್ಲೇ ಸರಕಾರದ ಪರವಾನಗಿ ಇದ್ದ ಕಾರೀಗರನಿದ್ದ. ಇಷ್ಟಕ್ಕೆ ಬೇರೆಯವರಾದರೆ ಮುಗಿಯುತ್ತಿತ್ತು. ಕಾಕಾ ಹೇಳಿದ, "ಸತ್ತವರ ಸಾಮಾನು ಕೇಳಲಾರದ ಒಯ್ಯಬಾರದು. ಹೋಗಿ ಕೇಳಿ ಬರೂಣು."

ಹೀಗೆ ಶುರುವಾಯಿತು ನಮ್ಮ ತಿರುಗಾಟ.

ಅಣ್ಣಿಗೇರಿಯ ಮನೆಯಲ್ಲಿ ಒಬ್ಬ ಅಜ್ಜಿ ಸೇಂಗಾ ಸುಲಿಯುತ್ತ ಕೂತಿದ್ದರು. ಕಾಕಾ ಕಾಯಿ ಇಟ್ಟು, ವಿಷಯ ಹೇಳಿ, ತಾನು ಎಲ್ಲ ಮನೆಯಲ್ಲೂ ಕೇಳಲೆಂದು ಕಲಿತುಕೊಂಡು ಬಂದಿದ್ದ ಪ್ರಶ್ನೆ ಕೇಳಿದ: "ಯಾವತ್ತರ ಕೈ ಕೊಟ್ಟಿತ್ತೇನ್ರಿ?"

"ಬಂದೂಕಾ? ಇಲ್ಲಪ. ನಮ್ಮ ಯಜಮಾನ್ರಽ ಕೈ ಕೊಟ್ಟು ಹೋದ್ರು" ಎಂದರು ಅಜ್ಜಿ, ಸೇಂಗಾ ಬುಟ್ಟಿಗೆ ಹಾಕುತ್ತ. "ಒಯ್ಯಿ. ನನ್ನ ಕೂಡ ಮಾತಾಡಿದ್ದಕ್ಕಿಂತ ಅದರ ಕೂಡ ಮಾತಾಡಿದ್ದ ಹೆಚ್ಚು. ಮಾತಾಡ್ಸಿಕೋತ ಇರು, ಇಲ್ಲಂದ್ರ ಸಿಟ್ಟು ಮಾಡ್ಕೋತಾರ. ಮತ್ತ ಅವರಿಗೆ ಬದನಿಕಾಯಿ ಸೇರೂದಿಲ್ಲ."

ಕಾಕಾ "ಹೂಂನ್ರಿ" ಎಂದು ಗಂಭೀರವಾಗಿ ಗೋಣು ಹಾಕಿದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದೆ.

ಕುಂದಗೋಳದಲ್ಲಿ ನನ್ನ ನಗು ಸ್ವಲ್ಪ ಕಡಿಮೆಯಾಯಿತು. ಅಲ್ಲಿ ಸತ್ತವರ ಮಗ ಗೋಡೆಯಿಂದ ಫೋಟೋ ಇಳಿಸಿ ತೋರಿಸಿದ. ಎಡಗೆನ್ನೆ ದಪ್ಪ, ಬಲಗೆನ್ನೆ ಒಳಸೇರಿದ ಮುಖ. ಬಂದೂಕಿನ ಕಟ್ಟಿಗೆಯಲ್ಲಿ ಕೆನ್ನೆ ಆನಿಸುವಲ್ಲಿ ಒಂದು ತಗ್ಗು ಬಿದ್ದದ್ದನ್ನು ಅಂಗಡಿಯಲ್ಲೇ ನೋಡಿದ್ದೆವು. "ಇಡೀ ಆಯುಷ್ಯ ಗಲ್ಲಾ ಇಟ್ಟು ಇಟ್ಟು ಅದು ತಗ್ಗಾತೋ, ಅಪ್ಪನ ಗಲ್ಲಾ ತಗ್ಗಾತೋ ಗೊತ್ತಿಲ್ರಿ" ಎಂದ ಮಗ. ಆಗ ಕಾಕಾ ತನ್ನ ಕೆನ್ನೆ ಮುಟ್ಟಿಕೊಂಡು ಹೇಳಿದ, "ನಾ ಗಲ್ಲಾ ಇಟ್ಟು ನೋಡಿದಾಗ ಬೆಚ್ಚಗಿತ್ತು." ಅಂಗಡಿಯಲ್ಲಿ ಅಂದು ಮಳೆಯ ಥಂಡಿ ಹೇಗಿತ್ತೆಂದರೆ ಮಾಲಕರು ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ವಿಜ್ಞಾನದ ಶಿಕ್ಷಕಿ ಏನು ಹೇಳಬೇಕಿತ್ತು ಎಂದು ನೀವೇ ಹೇಳಿ!

ನವಲಗುಂದದಲ್ಲಿ ನಗು ಪೂರ್ತಿ ನಿಂತಿತು. ಮನೆಗೆ ಹೊರಗಿನಿಂದ ಬೀಗ. ಮನುಷ್ಯ ಒಬ್ಬಂಟಿಯಾಗಿದ್ದವರು, ಹಿಂದೆ ಮುಂದೆ ಯಾರೂ ಇಲ್ಲ, ಅಂದಿನಿಂದ ಬಾಗಿಲು ತೆಗೆದಿಲ್ಲ ಎಂದಳು ಬಾಜು ಮನೆಯ ಹೆಂಗಸು. ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು. ಬಂದ ದಾರಿಗೆ ಸುಂಕವಿಲ್ಲ ಎಂದು ನಾನು ಸ್ಕೂಟಿ ತಿರುಗಿಸಿದೆ. ಕಾಕಾ ಬಿಡಬೇಕಲ್ಲ! ಹೊಸ್ತಿಲ ಮೇಲೆ ಕಾಯಿ ಇಟ್ಟು, ಮುಚ್ಚಿದ ಬಾಗಿಲಿಗೇ ಕೇಳಿದ, "ಯಾವತ್ತರ ಕೈ ಕೊಟ್ಟಿತ್ತೇನ್ರಿ?"

ಒಳಗಿನಿಂದ ಟಕ್ ಎಂದಿತು.

ಚಿಲಕ ಸರಿದ ಹಾಗೆ, ಒಂದೇ ಸಲ. ಬಾಜು ಮನೆಯ ಹೆಂಗಸು ತನ್ನ ಬಾಗಿಲು ಹಾಕಿಕೊಂಡಳು. ಕಾಕಾನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಆದರೂ ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು ಬಂದು, "ಒಪ್ಪಿಗಿ ಕೊಟ್ರು, ನಡಿ ಯವ್ವಾ" ಎಂದ. ನವಲಗುಂದದಿಂದ ಹುಬ್ಬಳ್ಳಿಗೆ ಅಷ್ಟು ಲಗೂ ಯಾವ ಬಸ್ಸೂ ಇಂದಿನವರೆಗೆ ಬಂದಿಲ್ಲ!

ಸತ್ತವರು ಇಷ್ಟು ಸಲೀಸಾಗಿ ಒಪ್ಪಿದರು. ಬದುಕಿದ್ದವರು ಒಪ್ಪಬೇಕಲ್ಲ?

"ಬಂದೂಕು ಎಲ್ಲೈತ್ರಿ?" ಎಂದರು ಲೈಸೆನ್ಸ್ ಕೊಡುವ ಕಚೇರಿಯ ಸಾಹೇಬರು.

"ಇನ್ನೂ ಆಗಿಲ್ರಿ."

"ಆಗಲಾರದ ಬಂದೂಕಿಗೆ ಲೈಸೆನ್ಸ್ ಹೆಂಗ ಕೊಡೂದು?"

"ಲೈಸೆನ್ಸ್ ಇಲ್ಲದ ಬಂದೂಕು ಹೆಂಗ ಮಾಡೂದ್ರಿ?"

ಸಾಹೇಬರು ಕನ್ನಡಕ ತೆಗೆದರು. ಮೂರು ಬಿಡಿಭಾಗಗಳ ಮೇಲೆ ಮೂರು ನಂಬರು. ಇದರಲ್ಲಿ ಬಂದೂಕಿನ ನಂಬರು ಯಾವುದು ಎಂದರು. ಕಾಕಾ ಮೂರೂ ಎಂದ. ಒಂದಕ್ಕೆ ಮೂರು ಹೇಗೆ ಎಂದರೆ, "ಮೂರು ಮಂದಿ ಅದಾರಲ್ರಿ!" ಎಂದ. ಸಾಹೇಬರು ಆ ಮೂವರು ಎಲ್ಲಿದ್ದಾರೆಂದು ಕೇಳಲಿಲ್ಲ, ಪುಣ್ಯಕ್ಕೆ. ಕೊನೆಗೆ ಅಂಗಡಿಯವರೇ ಬಂದು, ಕೂಡಿಸಿದ ಮೇಲೆ ಹೊಸದೊಂದು ನಂಬರು ಕೊರೆಯುತ್ತೇವೆ, ಹಳೆಯ ಲೈಸೆನ್ಸಿನಲ್ಲಿ ಹಳೆಯ ಬಂದೂಕಿನ ಜಾಗಕ್ಕೆ ಇದನ್ನು ಬರೆಯಿರಿ ಎಂದು ದಾರಿ ತೋರಿಸಿದರು. ಆದರೂ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ, ಬಂದು, ಹೋಗಿ, ಒಂದು ಬೆಳೆಯೇ ಕೊಯಿಲಾಗಿ ಹೋಯಿತು.

ನಡುವೆ ತಲೆ ಸರಿ ಇದೆ ಎಂದು ಡಾಕ್ಟರರಿಂದ ಬರೆಸಿಕೊಂಡು ಬರಬೇಕೆಂದು ಹೇಳಿದರು. ನಮ್ಮ ಕಾಕಾನ ತಲೆ! ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ನಗುನಗುತ್ತ ಕೇಳಿದರು, "ಬ್ಯಾರೆಯವರಿಗೆ ಕೇಳಲಾರದ್ದು ನಿಮಗೇನರ ಕೇಳಿಸ್ತೈತೇನ್ರಿ?"

ಕಾಕಾ ಸುಳ್ಳು ಹೇಳುವ ಮನುಷ್ಯನಲ್ಲ. "ಟಕ್ ಅಂತೈತ್ರಿ" ಎಂದುಬಿಟ್ಟ.

ಆಯಿತು, ರೈಫಲ್ ಹೋಯಿತು ಎಂದು ನಾನು ಕಣ್ಣು ಮುಚ್ಚಿದೆ. ಬಾಗಿಲ ಹತ್ತಿರ ಕುಂಟುಗಾಲು ಚಾಚಿ ಕೂತಿದ್ದ ಕಾಕಿ ಒಮ್ಮೆಲೇ ಬಾಯಿ ಹಾಕಿದಳು, "ನನಗೂ ಕೇಳಸ್ತೈತ್ರಿ ಡಾಕ್ಟರ. ಇಬ್ಬರಿಗೂ ಕೇಳಿಸಿದ್ದು ಹುಚ್ಚು ಹೆಂಗಾಗ್ತೈತಿ?"

ಡಾಕ್ಟರು ಅವಳ ಮುಖವನ್ನೇ ನೋಡಿದರು. ಆಮೇಲೆ ಬರೆಯಲೆಂದು ಪೆನ್ನು ಒತ್ತಿದರು. ಟಕ್! ಗಂಡ ಹೆಂಡತಿ ಇಬ್ಬರೂ ಕೂತಲ್ಲೇ ಒಟ್ಟಿಗೆ ಬೆಚ್ಚಿದರು. ಡಾಕ್ಟರು ಸಹಿ ಹಾಕಿ ಕಳಿಸಿದರು. ಕಾಕಿಗೂ ಕೇಳಿಸುತ್ತಿತ್ತು ಎಂಬುದು ನನಗೆ ಅಂದೇ ಗೊತ್ತಾದದ್ದು. ಕಾಕಾನಿಗೂ ಅಂದೇ ಗೊತ್ತಾಗಿರಬೇಕು, ಬಸ್ಸಿನಲ್ಲಿ ಮನೆ ಮುಟ್ಟುವವರೆಗೆ ಅವನು ಕಿಟಕಿಯ ಹೊರಗೇ ನೋಡುತ್ತಿದ್ದ.

ಅಂತೂ ರೈಫಲ್ ಮನೆಗೆ ಬಂತು. ಕೀಲಿ ಹಾಕಿ ಇಡಬೇಕೆಂಬುದು ಕಾನೂನು. ಮನೆಯಲ್ಲಿ ಕೀಲಿ ಇದ್ದದ್ದು ಕಾಕಿಯ ಸೀರೆಗಳ ಅಲಮಾರಿಗೆ ಮಾತ್ರ.

"ಮೂರು ಮಂದಿ ಗಂಡಸ್ರನ್ನ ತಂದು ನನ್ನ ಸೀರಿ ನಡಕ ನಿಲ್ಲಿಸೀರಲ್ರೀ, ನಾಚಿಕಿ ಬರೂದಿಲ್ಲೇನು?" ಎಂದು ಕಾಕಿ ಬೈದಳು. ಬೈದರೂ ಅಂದಿನಿಂದ ಅಲಮಾರಿ ತೆಗೆಯುವ ಮೊದಲು ಬೆರಳಿನಿಂದ ಎರಡು ಸಲ ಬಾಗಿಲು ಬಡಿದೇ ತೆಗೆಯುತ್ತಿದ್ದಳು. ಕಾಕಾ ಸಂಜೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಮಳೆ, ಬೆಳೆ, ಸೇಂಗಾದ ಇಳುವರಿ ಎಂದು ಮಾತಾಡುತ್ತಿದ್ದ. ಅಜ್ಜಿ ಹೇಳಿದ್ದರಲ್ಲ, ಮಾತಾಡಿಸದಿದ್ದರೆ ಸಿಟ್ಟು! ಒಮ್ಮೆ ನಾನು ಹೋದಾಗ ಮಾತು ನಡುವೆ ನಿಲ್ಲಿಸಿ, ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿ, "ಹೌದ್ರಿ, ಅದೂ ಖರೇನ" ಎಂದ. ಏನು ಖರೆ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಮಹಾನವಮಿ ಅಮಾಸಿ ಬಂತು. ನಮ್ಮಲ್ಲಿ ಅಂದು ಹಿರಿಯರಿಗೆ ಎಡೆ ಹಿಡಿಯುತ್ತೇವೆ. ತೀರಿಕೊಂಡವರಿಗೆ ಎಲೆ ಹಾಕಿ, ಎಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂಡುವುದು. ಅವರು ಬಂದು ಉಂಡು ಹೋಗಲಿ ಎಂದು. ಆ ವರ್ಷ ಅಜ್ಜ ಅಜ್ಜಿಯ ಎಲೆಗಳ ಬಾಜು ಕಾಕಾ ಮತ್ತೆ ಮೂರು ಎಲೆ ಹಾಸಿದ. "ಮನ್ಯಾಗ ಇದ್ದವರನ್ನ ಉಪಾಸ ಇಟ್ಟು ನಮ್ಮವರಿಗೆ ಅಷ್ಟ ಹಾಕೂದು ಚಂದಲ್ಲ" ಎಂದ. ಎಲ್ಲಿಯಾದರೂ ಕೇಳಿದ್ದೀರಾ? ಯಾರದೋ ಹಿರಿಯರಿಗೆ ಯಾರದೋ ಮನೆಯಲ್ಲಿ ಎಡೆ! ಕಾಕಿ ಗೊಣಗುತ್ತಲೇ ಹೋಳಿಗೆ, ಕಡಬು, ಎಣಗಾಯಿ, ಅನ್ನ, ಸಾರು ಎಲ್ಲ ಐದೂ ಎಲೆಗೆ ಸಮನಾಗಿ ಬಡಿಸಿದಳು. ಬಾಗಿಲು ಎಳೆದುಕೊಂಡು ಮೂವರೂ ಕಟ್ಟೆಯ ಮೇಲೆ ಕೂತೆವು. ಮಟಮಟ ಮಧ್ಯಾಹ್ನ. ಹೊರಗೆ ಗಿಡದ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಒಳಗಿನಿಂದ ಮಾತ್ರ, ಬಾಯಿ ಮುಚ್ಚಿಕೊಂಡು ಉಣ್ಣುವವರ ಮನೆಯಲ್ಲಿ ಇರುತ್ತದಲ್ಲ, ಅಂಥ ಒಂದು ಮೌನ.

ಬಾಗಿಲು ತೆಗೆದಾಗ ನಾಲ್ಕು ಎಲೆ ಇದ್ದ ಹಾಗೇ ಇದ್ದವು. ಐದನೆಯದರಲ್ಲಿ ಎಣಗಾಯಿಯ ಬದನೆಕಾಯಿಗಳಷ್ಟೇ ಸರಿದು, ಎಲೆಯ ಹೊರಗೆ, ನೆಲದ ಮೇಲೆ ಸಾಲಾಗಿ ಕೂತಿದ್ದವು.

"ಬೆಕ್ಕು" ಎಂದೆ ನಾನು. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

"ಬೆಕ್ಕು ತುಪ್ಪದ ಹೋಳಿಗಿ ಬಿಟ್ಟು ಬದನಿಕಾಯಿ ಸರಸ್ತೈತೇನಬೇ?" ಎಂದ ಕಾಕಾ. ಆಮೇಲೆ ತಪ್ಪು ಮಾಡಿದವನ ಹಾಗೆ ಕಾಕಿಯ ಕಡೆ ತಿರುಗಿ, "ಅಣ್ಣಿಗೇರಿಯವರಿಗೆ ಅದು ಸೇರೂದಿಲ್ಲಂತ. ಹೇಳೂದು ಮರತಿದ್ದೆ" ಎಂದ.

ಕಾಕಿ ಎಲೆಯನ್ನು ನೋಡಿದಳು, ಅಲಮಾರಿಯನ್ನು ನೋಡಿದಳು. "ಮೊದಲ ಹೇಳಬಾರದೇನ್ರೀ? ಹೀರಿಕಾಯಿ ಮಾಡ್ತಿದ್ನಲ್ಲ!"

ನನಗೆ ಹಸಿವಿತ್ತು, ಆದರೆ ಅಂದು ನಾನು ಆ ಮನೆಯಲ್ಲಿ ಉಣ್ಣಲಿಲ್ಲ. ಬದನೆಕಾಯಿ ನನಗೆ ಬಹಳ ಸೇರುತ್ತದೆ, ಆದರೂ.

ಹಬ್ಬ ಮುಗಿದು ಗೋವಿನಜೋಳ ತೆನೆ ಬಲಿತಾಗ, ರೈಫಲ್ ಹೊಲಕ್ಕೆ ಹೊರಡುವ ದಿನ ಬಂತು. ಕಾಕಿಯೂ ಎದ್ದು ಚಪ್ಪಲಿ ಮೆಟ್ಟಿದಳು. ಎರಡು ವರ್ಷ ಹೊಲದ ದಾರಿ ಹಿಡಿಯದವಳು! ಬೇಡ ಎಂದರೆ ಕೇಳಲಿಲ್ಲ. "ಅವತ್ತೂ ನಾ ಇದ್ದೆ, ಇವತ್ತೂ ನಾ ಇರಬೇಕು" ಎಂದಳು. ಇಷ್ಟೆಲ್ಲ ಅಲೆದದ್ದು, ಬಾಗಿಲು ಬಾಗಿಲಿಗೆ ಕೈಮುಗಿದದ್ದು, ಇದೊಂದು ಸಂಜೆಗಾಗಿ. ಇಂದೂ ಅದು ಟಕ್ ಎಂದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಅನಿಸಿತು.

ಹೊತ್ತು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೊಲದಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಗಾಳಿ ಇಲ್ಲದಿದ್ದರೂ ಗೋವಿನಜೋಳದ ಗರಿಗಳು ಒಂದಕ್ಕೊಂದು ತಾಗಿ ಸರಸರ ಎನ್ನುತ್ತಿದ್ದವು. ಕಾಕಾ ಅಡವಿಯ ಕಡೆಗೇ ಕಣ್ಣು ನೆಟ್ಟು ಬೇವಿನ ಗಿಡದ ಬುಡದಲ್ಲಿ ನಿಂತ. ಕಾಕಿ ದೂರದಲ್ಲಿ ಬದುವಿನ ಮೇಲೆ ಅವರೆಕಾಯಿ ಹರಿಯತೊಡಗಿದಳು. ನಾನು ಇಬ್ಬರ ನಡುವೆ, ಇಬ್ಬರಿಗೂ ಉಪಯೋಗವಿಲ್ಲದ ಜಾಗದಲ್ಲಿ.

ಅಡವಿಯ ಅಂಚಿಗೆ ಅಂದು ಹಂದಿ ಬರಲಿಲ್ಲ. ಅದು ಆಗಲೇ ಬಂದು ಗೋವಿನಜೋಳದ ಒಳಗೆ ಕೂತಿತ್ತು. ಕಾಕಿಯ ಬೆನ್ನ ಹಿಂದಿನ ಸಾಲಿನಿಂದ ಮೊದಲು ಮುರಿದ ಕೋರೆ ಕಂಡಿತು, ಆಮೇಲೆ ಮುಖ. ಕಾಕಿ ತಿರುಗಿ ನೋಡಿ, ಕಾಯಿ ತುಂಬಿದ ಸೆರಗು ಹಿಡಿದುಕೊಂಡೇ ನಿಂತುಬಿಟ್ಟಳು.

ನಾನು ಕಾಕಾನ ಕಡೆ ನೋಡಿದೆ. ರೈಫಲ್ ಬೇವಿನ ಗಿಡಕ್ಕೆ ಆನಿಸಿ ನಿಂತಿತ್ತು. ಕಾಕಾ ಅಲ್ಲಿ ಇರಲಿಲ್ಲ.

ಕಾಕಾ ಓಡುತ್ತಿದ್ದ. ಬರಿಗೈಯಲ್ಲಿ, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇಲ್ಲ, ಧೋತರದ ಚುಂಗು ಮುಳ್ಳಿಗೆ ಸಿಕ್ಕು ಹರಿಯಿತು. ಹೋಗಿ ಕಾಕಿಗೂ ಹಂದಿಗೂ ನಡುವೆ ನಿಂತ, ಎರಡೂ ಕೈ ಅಗಲಿಸಿ, ಹಗ್ಗ ಹರಿದುಕೊಂಡ ಎತ್ತನ್ನು ತಡೆಯುವವರ ಹಾಗೆ. ಕೂಗಲಿಲ್ಲ, ಹೆದರಿಸಲಿಲ್ಲ. ಹಂದಿಯ ಉಸಿರು ನನ್ನವರೆಗೆ ಕೇಳುತ್ತಿತ್ತು. ಅದು ಕಾಕಾನನ್ನು ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ, ಬಂದ ಕೆಲಸ ಮುಗಿಯಿತೆಂಬಂತೆ ಹೊರಳಿ, ಸಾಲಿನೊಳಗೆ ಹೋಯಿತು. ಗರಿಗಳು ಅಲುಗಲಿಲ್ಲ. ಅದು ಮತ್ತೆ ಆ ಅಂಚಿನಲ್ಲಿ ಯಾರಿಗೂ ಕಂಡಿಲ್ಲ.

ಕಾಕಿಯೇ ಮೊದಲು ಮಾತಾಡಿದಳು. "ಬಂದೂಕು ಎಲ್ಲ್ರೀ?"

ಕಾಕಾ ತನ್ನ ಕೈಗಳನ್ನು ನೋಡಿಕೊಂಡ. "ಯಾವ ಬಂದೂಕು?" ಎಂದ. ಖರೆ ಹೇಳುತ್ತೇನೆ, ಹಾಗೇ ಕೇಳಿದ! ಆಮೇಲೆ ನೆನಪಾಗಿ, ತಲೆ ತಗ್ಗಿಸಿ, "ಮತ್ತ ತಪ್ಪು ಮಾಡಿದೆ. ಇವತ್ತರ ಹಾರಸಬೇಕಿತ್ತು" ಎಂದ.

"ಅವತ್ತು ಅದು ಹಾರಲಿಲ್ಲಂತ ನನಗೇನು ಸಿಟ್ಟಿರಲಿಲ್ರಿ" ಎಂದಳು ಕಾಕಿ. "ನಾ ಬಿದ್ದಿದ್ದೆ. ನೀವು ಬಂದೂಕು ತೆರದು ತೆರದು ಅದರ ಮಾರಿ ನೋಡಿಕೋತ ನಿಂತ್ರಿ. ನನ್ನ ಮಾರಿ ನೋಡಲಿಲ್ಲ. ಆಮ್ಯಾಲೂ ಎರಡು ವರ್ಷ ಅದನ್ನ ನೋಡಿದ್ರಿ."

ನನಗೆ ಅಲ್ಲಿ ನಿಲ್ಲುವುದು ತಪ್ಪು ಅನಿಸಿತು, ಆದರೂ ನಿಂತೆ. ಕಾಕಾ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಅವಳ ಸೊಟ್ಟ ಮೊಣಕಾಲಿನ ಮೇಲೆ ಕೈಯಿಟ್ಟು, ಮುಖ ಎತ್ತಿ ಕೇಳಿದ.

"ನೋಯ್ತೈತೇನು?"

ಕೇಳಿದವರಿಗೆಲ್ಲ, ಡಾಕ್ಟರಿಗೆ, ನಮ್ಮವ್ವನಿಗೆ, ನನಗೆ, "ಏನೂ ಇಲ್ಲ ಬಿಡ್ರಿ" ಎನ್ನುತ್ತ ಬಂದಿದ್ದ ನಮ್ಮ ಕಾಕಿ ಸೆರಗಿನ ಅವರೆಕಾಯಿ ನೆಲಕ್ಕೆ ಬಿಟ್ಟು, ಅವನ ಬಾಜು ಕೂತುಕೊಂಡಳು.

"ಹೂಂ" ಎಂದಳು. "ಭಾಳ ನೋಯ್ತೈತ್ರಿ."